ಪ್ರೋಗ್ರಾಮಿನ ಗಂಟು: ಕಟ್ಟುವ ಮತ್ತು ಸಾಗಿಸುವ ವಿಧಾನ

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆದುಕೊಡುವ ಭಾಷೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಬರೆದುದನ್ನೆಲ್ಲ ಮೊದಲೇ ಯಂತ್ರಭಾಷೆಗೆ ತಿರುಗಿಸಿ, ಆ ತಿರುಗಿಸಿದ ಪ್ರತಿಯನ್ನು ಮಾತ್ರ ಬಳಸುವವರ ಕೈಗೆ ಕೊಡುವುದು ಒಂದು ಬಗೆ. ಸಿ ಭಾಷೆ ಇದಕ್ಕೆ ನಿದರ್ಶನ. ಬರೆದ ಪ್ರತಿಯನ್ನು ಹಾಗೆಯೇ ಇಟ್ಟುಕೊಂಡು, ಓಡಿಸುವ ಹೊತ್ತಿಗೆ ಒಬ್ಬ ದುಭಾಷಿಯನ್ನು ನಡುವೆ ನಿಲ್ಲಿಸಿ ಯಂತ್ರಕ್ಕೆ ತಿಳಿಯಹೇಳುವುದು ಇನ್ನೊಂದು ಬಗೆ. ಈ ಎರಡನೆಯ ಬಗೆಯವನ್ನು ಸ್ಕ್ರಿಪ್ಟ್ ಭಾಷೆಗಳೆಂದು ಕರೆಯುವುದು ವಾಡಿಕೆ. 1991ರಲ್ಲಿ ಗೀಡೊ ವಾನ್ ರಾಸಮ್ ಎಂಬ ಡಚ್ ವಿದ್ವಾಂಸರು ಹೊರತಂದ ಪೈಥಾನ್ ಭಾಷೆ ಇವುಗಳಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದದ್ದು.

ಪೈಥಾನಿನಲ್ಲಿ ಬರೆಯುವುದು ಸುಲಭ. ಬರೆದುದು ಬೇರೊಂದು ಊರಿನ ಬೇರೊಂದು ಯಂತ್ರದಲ್ಲಿ, ಬರೆದವನು ಪಕ್ಕದಲ್ಲಿ ನಿಲ್ಲದೆ ಓಡುವಂತೆ ಮಾಡುವುದು ಮಾತ್ರ ಸುಲಭವಲ್ಲ. ಮೊದಲನೆಯದನ್ನು ಕಲಿಸುವ ಪುಸ್ತಕಗಳು ಹೇರಳವಾಗಿವೆ; ಎರಡನೆಯದು ಬಹುಮಟ್ಟಿಗೆ ಅವುಗಳ ಕೊನೆಯ ಅಧ್ಯಾಯಕ್ಕೂ ಬರುವುದಿಲ್ಲ. ಆದುದರಿಂದ ಈ ವಿಷಯವನ್ನೇ ಒಂದು ಉದಾಹರಣೆಯ ಮೂಲಕ ವಾಚಕ ಮಿತ್ರರ ಮುಂದಿಡಬೇಕೆಂದು ಬಯಸಿದ್ದೇನೆ.

ಉದಾಹರಣೆ ನಮ್ಮ ಜಿಲ್ಲೆಯದೇ. ಬೀದರ, ಭಾಲ್ಕಿ, ಔರಾದ ಕಡೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ವರ್ಷಗಳಿಂದ ಬೆರಳಚ್ಚು ಮಾಡಿಟ್ಟ ಬರಹ ಎಷ್ಟೋ ಇದೆ: ಬೀಸುವ ಪದ, ಮೊಹರಂ ಪದ, ಊರಿನ ಐತಿಹ್ಯ, ಪ್ರಬಂಧ, ಶಾಸನಪಾಠ. ಇವುಗಳಲ್ಲಿ ಹಳೆಯವು ಬಹುಪಾಲು ‘ನುಡಿ’ ಅಥವಾ ‘ಬರಹ’ದ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಆ ಪದ್ಧತಿಯಲ್ಲಿ ಯಂತ್ರದೊಳಗೆ ಉಳಿಯುವುದು ಕನ್ನಡ ಅಕ್ಷರವಲ್ಲ, ಅಕ್ಷರದ ಆಕಾರದ ತುಂಡುಗಳು. ‘ಕ’ ಎಂಬ ಒಂದು ಅಕ್ಷರಕ್ಕೆ ಅಲ್ಲಿ ಎರಡು ಸಂಕೇತಗಳು: ರೋಮನ್ ಲಿಪಿಯ ದೊಡ್ಡ ‘ಪಿ’ಗೆ ಸಲ್ಲುವ ಸಂಖ್ಯೆಯೊಂದು, ತಲೆಕಟ್ಟಿಗೆ ಮೀಸಲಾದ ಸಂಖ್ಯೆಯೊಂದು. ಫಾಂಟು ಇದ್ದಾಗ ಕಣ್ಣಿಗೆ ಕನ್ನಡವೆಂದೇ ಕಾಣುತ್ತದೆ; ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಹುಡುಕಲು ಬರುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಯೂನಿಕೋಡ್ ಪದ್ಧತಿಯಲ್ಲಾದರೋ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯಿದೆ. ‘ಕ’ ಎಲ್ಲಿಹೋದರೂ ‘ಕ’ವೇ. ಹಾಡಿದ ಮುದುಕಿ ತೀರಿಹೋಗಿ, ಬರೆದುಕೊಂಡ ನೋಟುಬುಕ್ಕು ಹರಿದುಹೋಗಿ, ಹಳೆಯ ಫೈಲೊಂದೇ ಉಳಿದಿರುವಲ್ಲಿ ಅದನ್ನು ಯೂನಿಕೋಡಿಗೆ ತಿರುಗಿಸುವುದು ಆ ಹಾಡನ್ನು ಉಳಿಸುವ ಕೆಲಸವೇ ಸರಿ.

ತಿರುಗಿಸುವುದು ಒಂದಕ್ಕೊಂದು ಬದಲಿಸುವಷ್ಟು ಸರಳವಲ್ಲ. ಅರ್ಕಾವತ್ತನ್ನೇ ನೋಡಿರಿ. ‘ಕರ್ನಾಟಕ’ ಎಂದು ಬರೆಯುವಾಗ ಕಣ್ಣಿಗೆ ‘ನಾ’ ಮೊದಲು, ಅರ್ಕಾವತ್ತು ಅನಂತರ. ‘ನುಡಿ’ ಈ ಕಣ್ಣಿನ ಕ್ರಮವನ್ನೇ ಇಟ್ಟುಕೊಳ್ಳುತ್ತದೆ. ಯೂನಿಕೋಡ್ ನಾಲಗೆಯ ಕ್ರಮವನ್ನು ಹಿಡಿಯುತ್ತದೆ: ‘ರ್’ ಮೊದಲು, ‘ನಾ’ ಆಮೇಲೆ. ಸ್ಥಾನ ಬದಲಿಸದೆ ತಿರುಗಿಸಿದರೆ ‘ಕನಾರ್ಟಕ’ ಎಂದಾಗುತ್ತದೆ. ಅಂತರ್ಜಾಲದಲ್ಲಿ ನಮ್ಮ ನಾಡಿನ ಹೆಸರು ಹೀಗೆ ಕೆಟ್ಟಿರುವುದನ್ನು ನೋಡದವರು ಯಾರಿದ್ದಾರೆ?

ಇಂಥ ಪರಿವರ್ತಕವೊಂದನ್ನು ನಾವು ಕೆಲವರು ಗೆಳೆಯರು ಸೇರಿ ಪೈಥಾನಿನಲ್ಲಿ ಬರೆದೆವು. ಅದು ಒಂದೇ ಫೈಲಲ್ಲ. ಆರಂಭಿಸುವ ಫೈಲೊಂದು, ಹಳೆಯ ಫೈಲುಗಳನ್ನು ಓದುವುದೊಂದು, ಸಂಕೇತಗಳನ್ನು ಬದಲಿಸುವುದೊಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳ ಕ್ರಮವನ್ನು ಸರಿಪಡಿಸುವುದೊಂದು, ಕಿಟಕಿ ಗುಂಡಿಗಳನ್ನು ತೋರಿಸುವುದೊಂದು. ಇವುಗಳೊಡನೆ ಸಂಕೇತಗಳ ಕೋಷ್ಟಕಗಳು, ಅಪವಾದಪದಗಳ ಪಟ್ಟಿ, ಬಳಸುವವರಿಗೆ ಕನ್ನಡದಲ್ಲಿ ಸೂಚನೆ. ಎಲ್ಲವನ್ನೂ ಒಂದರಲ್ಲೇ ಬರೆದಿದ್ದರೆ ಸಾಗಿಸುವ ತೊಡಕೇ ಇರುತ್ತಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಕೋಷ್ಟಕವನ್ನು ತಿದ್ದುವವರು ಕನ್ನಡ ಅಧ್ಯಾಪಕರು. ಅವರು ಪೈಥಾನ್ ಬಲ್ಲವರಲ್ಲ. ಪ್ರೋಗ್ರಾಮಿನ ನಡುವೆ ಕೋಷ್ಟಕವನ್ನು ಹೂತಿಟ್ಟರೆ ಅದನ್ನು ತಿದ್ದಬಲ್ಲವರಿಂದಲೇ ದೂರವಿಟ್ಟಂತಾಗುತ್ತದೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೊರಡುವುದು ಎಲ್ಲರಿಗೂ ಗೊತ್ತು. ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಎಲ್ಲ ಗಂಟಿಗೆ ಸೇರುತ್ತವೆ. ಮನೆಯಲ್ಲಿ ಉಣ್ಣುವಾಗ ಉಪ್ಪು ಎಲ್ಲಿದೆಯೆಂದು ಯಾರೂ ಯೋಚಿಸುವುದಿಲ್ಲ; ಕೈ ತಾನಾಗಿ ಮಾಡಕ್ಕೆ ಹೋಗುತ್ತದೆ. ಹೊಲದ ಬದುವಿನ ಮೇಲೆ ಕುಳಿತಾಗಲೇ ಉಪ್ಪು ಮಾಡದಲ್ಲಿಯೇ ಉಳಿಯಿತೆಂಬುದು ನೆನಪಾಗುವುದು. ಪ್ರೋಗ್ರಾಮಿನ ಸಂಗತಿಯೂ ಹೀಗೆಯೇ. ಬರೆದವನ ಯಂತ್ರದಲ್ಲಿ ಅದು ಓಡುವುದಕ್ಕೆ ಬರೆದ ಸಾಲುಗಳಷ್ಟೇ ಕಾರಣವಲ್ಲ; ಆ ಯಂತ್ರದಲ್ಲಿ ಮೊದಲೇ ಇದ್ದ, ಕೈ ತಾನಾಗಿ ಹೋಗುವ ಹತ್ತಾರು ವಸ್ತುಗಳೂ ಕಾರಣ. ಗಂಟು ಕಟ್ಟುವುದೆಂದರೆ ಫೈಲುಗಳನ್ನು ಒಂದು ಕಡೆ ಕೂಡಿಹಾಕುವುದಲ್ಲ, ಈ ಕಾಣದ ಆಧಾರಗಳನ್ನು ಒಂದೊಂದಾಗಿ ಕಂಡುಹಿಡಿಯುವುದು. ಕಂಡ ಮೇಲೆ ಕೆಲವನ್ನು ಹೊತ್ತೊಯ್ಯಬೇಕು, ಕೆಲವು ಅಲ್ಲಿರಬೇಕೆಂದು ಮೊದಲೇ ತಿಳಿಸಬೇಕು, ಕೆಲವನ್ನು ಬಿಟ್ಟೇಬಿಡಬೇಕು.

ಮೊದಲನೆಯ ಆಧಾರ, ನಿಂತಿರುವ ಜಾಗ. ಪ್ರೋಗ್ರಾಮಿನಲ್ಲಿ ‘ಕೋಷ್ಟಕ ಎಂಬ ಫೈಲನ್ನು ತೆರೆ’ ಎಂದಷ್ಟೇ ಬರೆದರೆ ಪೈಥಾನ್ ಅದನ್ನು ಹುಡುಕುವುದು ಪ್ರೋಗ್ರಾಮು ಇರುವ ಫೋಲ್ಡರಿನಲ್ಲಲ್ಲ; ಓಡಿಸುವವನು ಆ ಹೊತ್ತು ಯಾವ ಫೋಲ್ಡರಿನಲ್ಲಿ ನಿಂತಿದ್ದಾನೋ ಅಲ್ಲಿ. ಬರೆದವನು ಯಾವಾಗಲೂ ಅದೇ ಫೋಲ್ಡರಿನಲ್ಲಿ ನಿಂತು ಓಡಿಸುವುದರಿಂದ ಈ ಭೇದ ಅವನಿಗೆ ತೋರುವುದೇ ಇಲ್ಲ. ಪರವೂರಿನವರು ಎಲ್ಲಿಂದಲೋ ಓಡಿಸಿದೊಡನೆ ‘ಅಂಥ ಫೈಲಿಲ್ಲ’ ಎಂಬ ಉತ್ತರ ಬರುತ್ತದೆ. ಇದಕ್ಕೆ ಮದ್ದು, ಕೋಷ್ಟಕವನ್ನು ಪ್ರೋಗ್ರಾಮಿನ ಅಂಗವಾಗಿಯೇ ಪ್ಯಾಕೇಜಿನೊಳಗಿಟ್ಟು, ‘ನನ್ನ ಪ್ಯಾಕೇಜಿನೊಳಗಿನ ಈ ವಸ್ತುವನ್ನು ಕೊಡು’ ಎಂದು ಪೈಥಾನನ್ನೇ ಕೇಳುವುದು. ಹೀಗೆ ಕೇಳಲು ಪಿಕೆಜಿ-ಯುಟಿಲ್ ಎಂಬ ಹಳೆಯ ಸಾಧನವೂ, 2018ರಲ್ಲಿ ಪೈಥಾನ್ 3.7ರೊಡನೆ ಬಂದ ಇಂಪೋರ್ಟ್‌ಲಿಬ್ ರಿಸೋರ್ಸಸ್ ಎಂಬ ಹೊಸ ಸಾಧನವೂ ಇವೆ. ಕೋಷ್ಟಕ ಫೋಲ್ಡರಿನಲ್ಲಿರಲಿ, ಜಿಪ್ ಗಂಟಿನೊಳಗಿರಲಿ, ಇವು ತಂದುಕೊಡುತ್ತವೆ.

ಎರಡನೆಯದು ಅಕ್ಷರಸಂಕೇತ. ಕನ್ನಡಿಗರಾದ ನಮಗೆ ಇದು ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಯುಟಿಎಫ್-8 ಎಂಬ ಬರವಣಿಗೆಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳು ಬೇಕು. ಲಿನಕ್ಸ್ ಯಂತ್ರಗಳಲ್ಲಿ ಪೈಥಾನ್ ಸಾಮಾನ್ಯವಾಗಿ ಈ ಕ್ರಮವನ್ನೇ ಹಿಡಿದು ಓದುತ್ತದೆ. ವಿಂಡೋಸಿನಲ್ಲಾದರೆ, ಬೇರೆ ಹೇಳದಿದ್ದಾಗ ಆ ಯಂತ್ರದ ಪ್ರಾದೇಶಿಕ ಸಂಕೇತಕ್ರಮವನ್ನು ಹಿಡಿಯುತ್ತ ಬಂದಿದೆ; ನಮ್ಮಲ್ಲಿ ಅದು ಬಹುಮಟ್ಟಿಗೆ ಪಶ್ಚಿಮ ಯುರೋಪಿನದು. ಅಂಥ ಕಡೆ ‘ಕ’ವನ್ನು ಓದಿದರೆ ಮೂರು ಬೈಟುಗಳು ಮೂರು ಬೇರೆ ಬೇರೆ ಚಿಹ್ನೆಗಳಾಗುತ್ತವೆ, ಇಲ್ಲವೆ ಓದುವುದೇ ನಿಂತುಹೋಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ದೋಷ ವರ್ಷಗಟ್ಟಲೆ ಕಾಣದೆ ಇರಬಹುದು; ನಮಗೆ ಮೊದಲನೆಯ ದಿನವೇ ಕಾಣುತ್ತದೆ. ಫೈಲು ತೆರೆಯುವ ಪ್ರತಿಯೊಂದು ಸಾಲಿನಲ್ಲಿಯೂ ಸಂಕೇತಕ್ರಮವನ್ನು ಹೆಸರಿಸಿ ಬರೆಯತಕ್ಕದ್ದು. ಒಂದು ಸಾಲನ್ನೂ ಬಿಡಬಾರದು.

ಉಳಿದವು ಚಿಕ್ಕವು, ಆದರೆ ಕಾಡುತ್ತವೆ. ರೋಮನ್ ಲಿಪಿಯ ಫೈಲುಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ವಿಂಡೋಸ್ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಆದುದರಿಂದ ವಿಂಡೋಸಿನಲ್ಲಿ ಓಡಿದ್ದು ಲಿನಕ್ಸಿನಲ್ಲಿ ನಿಲ್ಲಬಹುದು. ಎಲ್ಲ ಹೆಸರುಗಳನ್ನೂ ಸಣ್ಣಕ್ಷರಗಳಲ್ಲಿಡುವುದು ಲೇಸು. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದೆಂಬುದು ಸಂತೋಷದ ವಿಷಯ. ಆದರೂ ಸಾಗಿಸತಕ್ಕ ಫೈಲುಗಳ ಹೆಸರನ್ನು ರೋಮನ್ ಲಿಪಿಯಲ್ಲಿಡುವುದು ಕ್ಷೇಮ, ಏಕೆಂದರೆ ಜಿಪ್ ಬಿಡಿಸುವ ಕೆಲವು ಹಳೆಯ ಸಾಧನಗಳು ಕನ್ನಡ ಹೆಸರನ್ನು ಕೆಡಿಸುತ್ತವೆ. ಕಿಟಕಿ ತೋರಿಸುವ ಟಿಕೆ-ಇಂಟರ್ ಎಂಬ ಭಾಗ ವಿಂಡೋಸಿನ ಪೈಥಾನಿನೊಡನೆ ತಾನಾಗಿ ಬರುತ್ತದೆ. ಉಬುಂಟುವಿನಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಇದನ್ನು ಸೂಚನೆಯಲ್ಲಿ ಬರೆಯದಿದ್ದರೆ ಪಡೆದವರು ಪ್ರೋಗ್ರಾಮೇ ಕೆಟ್ಟಿದೆಯೆಂದು ತಿಳಿಯುತ್ತಾರೆ.

ಇನ್ನು ಹೊರಗಿನ ಗ್ರಂಥಾಲಯಗಳು, ಎಂದರೆ ಬೇರೆಯವರು ಬರೆದು ಎಲ್ಲರಿಗೂ ಬಿಟ್ಟಿರುವ ಸಿದ್ಧಭಾಗಗಳು. ಯಾವಾಗಲೋ ಪಿಪ್ ಎಂಬ ಸಾಧನದಿಂದ ತರಿಸಿಕೊಂಡದ್ದು ಯಂತ್ರದಲ್ಲಿ ಕುಳಿತಿರುತ್ತದೆ. ತರಿಸಿದ ನೆನಪೂ ಇರುವುದಿಲ್ಲ. ಇವನ್ನು ಬಯಲಿಗೆಳೆಯುವ ಉಪಾಯ ಸುಲಭ. 2012ರಲ್ಲಿ ಬಂದ ಪೈಥಾನ್ 3.3ರಿಂದ ಈಚೆಗೆ ವೆನ್ವ್ ಎಂಬ ಸೌಕರ್ಯವಿದೆ. ಅದು ಅದೇ ಯಂತ್ರದೊಳಗೆ ಏನೂ ಇಲ್ಲದ ಹೊಸ ಕೋಣೆಯೊಂದನ್ನು ಕಟ್ಟಿಕೊಡುತ್ತದೆ. ಆ ಬರಿಗೋಣೆಯಲ್ಲಿ, ಬೇರೆ ಫೋಲ್ಡರಿನಲ್ಲಿ ನಿಂತು ಪ್ರೋಗ್ರಾಮನ್ನು ಓಡಿಸಿರಿ. ಎಲ್ಲಿ ಮುಗ್ಗರಿಸಿತೋ ಅಲ್ಲೊಂದು ಕಾಣದ ಆಧಾರವಿದೆಯೆಂದು ತಿಳಿಯತಕ್ಕದ್ದು. ಬೀದರಿನಲ್ಲಿ ಅರ್ಧ ಗಂಟೆ ಇದಕ್ಕೆ ಕೊಟ್ಟರೆ ಔರಾದಕ್ಕೆ ಒಂದು ಸಲದ ಪ್ರಯಾಣ ಉಳಿಯುತ್ತದೆ.

ನಮ್ಮ ಪರಿವರ್ತಕದಲ್ಲಿ ಹೀಗೆ ಹೊರಬಿದ್ದದ್ದು ವರ್ಡ್ ಫೈಲುಗಳನ್ನು ಓದುವ ಪೈಥಾನ್-ಡಾಕ್ಸ್ ಎಂಬ ಗ್ರಂಥಾಲಯ. ಅದು ಒಳ್ಳೆಯದೇ, ಆದರೆ ಅದು ಎಲ್‌ಎಕ್ಸ್‌ಎಂಎಲ್ ಎಂಬ ಇನ್ನೊಂದನ್ನು ನೆಚ್ಚಿಕೊಂಡಿದೆ, ಆ ಇನ್ನೊಂದರಲ್ಲಿ ಸಿ ಭಾಷೆಯಿಂದ ಯಂತ್ರಭಾಷೆಗೆ ತಿರುಗಿಸಿದ ಭಾಗಗಳಿವೆ. ಅಂಥವು ವಿಂಡೋಸಿಗೆ ಬೇರೆ, ಲಿನಕ್ಸಿಗೆ ಬೇರೆ, ಪೈಥಾನಿನ ಆವೃತ್ತಿ ಬದಲಾದರೆ ಬೇರೆ. ಒಂದು ಗಂಟು ಎಲ್ಲೆಡೆಗೂ ಸಲ್ಲಬೇಕೆಂಬ ಆಸೆಗೆ ಇಲ್ಲಿ ಅಡ್ಡಿ ಬಂತು. ವಿಚಾರಿಸಿ ನೋಡಿದರೆ, ಡಾಕ್ಸ್ ಎಂಬ ವರ್ಡ್ ಫೈಲು ತಾನೂ ಒಂದು ಜಿಪ್ ಗಂಟೇ; ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಬರಹ. ಜಿಪ್ ಬಿಚ್ಚುವುದಕ್ಕೂ ಎಕ್ಸ್‌ಎಂಎಲ್ ಓದುವುದಕ್ಕೂ ಬೇಕಾದದ್ದು ಪೈಥಾನಿನೊಡನೆಯೇ ಬರುತ್ತದೆ. ಅಲ್ಲದೆ ಬರಹದ ತುಂಡುಗಳ ಜೊತೆಗೆ ಅವುಗಳ ಫಾಂಟಿನ ಹೆಸರನ್ನು ಅಲ್ಲಿ ಬರೆದಿರುವುದರಿಂದ, ‘ನುಡಿ’ ಫಾಂಟಿನ ತುಂಡುಗಳನ್ನು ಮಾತ್ರ ತಿರುಗಿಸಿ, ನಡುವೆ ಬರುವ ಇಂಗ್ಲಿಷ್ ಮಾತನ್ನು ಮುಟ್ಟದೆ ಬಿಡಬಹುದು. ಹೀಗೆ ಹೊರಗಿನ ಗ್ರಂಥಾಲಯವನ್ನು ಕೈಬಿಟ್ಟೆವು. ಐವತ್ತು ಅರವತ್ತು ಸಾಲು ಹೆಚ್ಚಿಗೆ ಬರೆಯಬೇಕಾಯಿತು, ಗಂಟು ಹಗುರವಾಯಿತು.

ಈಗ ಕಟ್ಟುವ ಮಾತು. ಪಡೆಯುವ ಯಂತ್ರದಲ್ಲಿ ಪೈಥಾನ್ ಇದ್ದರೆ ಜಿಪ್ ಗಂಟಿನಷ್ಟು ಅನುಕೂಲವಾದದ್ದು ಮತ್ತೊಂದಿಲ್ಲ. ಫೈಲುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿಟ್ಟು, ಹಿಂದೆ ಮುಂದೆ ಎರಡೆರಡು ಅಡಿಗೆರೆಗಳುಳ್ಳ ‘ಮೇನ್’ ಎಂಬ ಹೆಸರಿನ ಫೈಲನ್ನು ಆರಂಭಕ್ಕೆ ಇಟ್ಟರೆ ಸಾಕು. ಇಡೀ ಫೋಲ್ಡರನ್ನು ಜಿಪ್ ಮಾಡಿ ಪೈಥಾನಿಗೆ ಕೊಟ್ಟಾಗ ಅದು ಬಿಚ್ಚದೆಯೇ ಓಡಿಸುತ್ತದೆ. ಈ ಶಕ್ತಿ 2008ರ ಪೈಥಾನ್ 2.6ರಿಂದಲೇ ಇದೆ, ಕಟ್ಟಿಕೊಡಲು ಜಿಪ್‌ಆ್ಯಪ್ ಎಂಬ ಸಾಧನ 2015ರ 3.5ರಲ್ಲಿ ಬಂತು. ಇಂಥ ಗಂಟಿಗೆ ಪಿವೈಜೆಡ್ ಎಂಬ ಬಾಲವಿಡುವುದು ರೂಢಿ. ವಿಂಡೋಸಿನಲ್ಲಿ ಪೈಥಾನನ್ನು ಅದರ ಅಧಿಕೃತ ಇನ್‌ಸ್ಟಾಲರಿನಿಂದ ಹಾಕಿದ್ದರೆ ಎರಡು ಸಲ ಒತ್ತಿದೊಡನೆ ತೆರೆದುಕೊಳ್ಳುತ್ತದೆ. ಜಿಪ್ ಫೈಲಿನ ವಿಷಯಸೂಚಿ ಅದರ ಕೊನೆಯಲ್ಲಿರುವುದರಿಂದ ಮೊದಲಲ್ಲಿ ಬೇರೊಂದು ಸಾಲನ್ನು ಸೇರಿಸಿದರೂ ಬಾಧಕವಿಲ್ಲ. ಲಿನಕ್ಸಿಗಾಗಿ ಅಲ್ಲಿ ‘ಇದನ್ನು ಪೈಥಾನಿನಿಂದ ಓಡಿಸು’ ಎಂಬ ಫಲಕವನ್ನು ಹಾಕುತ್ತಾರೆ, ಒಳಗಿರುವುದು ಜಿಪ್. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಕೇಳುತ್ತ ಬೆಳೆದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪೆನ್‌ಡ್ರೈವಿನ ಫ್ಯಾಟ್ ಪದ್ಧತಿ ಲಿನಕ್ಸಿನ ‘ಓಡಿಸಬಹುದು’ ಎಂಬ ಗುರುತನ್ನು ಉಳಿಸಿಕೊಳ್ಳುವುದಿಲ್ಲ; ಆದುದರಿಂದ ಪೈಥಾನಿನ ಹೆಸರು ಹೇಳಿಯೇ ಓಡಿಸಬೇಕೆಂದು ಸೂಚನೆಯಲ್ಲಿ ಬರೆದಿರುವುದು ಒಳ್ಳೆಯದು.

ಈ ಗಂಟಿಗೆ ಒಂದು ಮಿತಿಯಿದೆ. ಯಂತ್ರಭಾಷೆಗೆ ತಿರುಗಿಸಿದ ಭಾಗಗಳನ್ನು ಪೈಥಾನ್ ಜಿಪ್ಪಿನೊಳಗಿಂದ ನೇರವಾಗಿ ಎತ್ತಿಕೊಳ್ಳಲಾರದು. ಮೇಲೆ ಹೇಳಿದ ಗ್ರಂಥಾಲಯವನ್ನು ಬಿಟ್ಟದ್ದು ಇದೇ ಕಾರಣಕ್ಕೆ. ಬಿಡಲಾಗದಂಥ ಗ್ರಂಥಾಲಯವಿದ್ದರೆ, ಅಂತರ್ಜಾಲವಿರುವ ಊರಿನಲ್ಲಿ ಅದರ ‘ವೀಲ್’ ಎಂಬ ಸಿದ್ಧ ಪೊಟ್ಟಣಗಳನ್ನು ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಒಯ್ದು, ಜಾಲವನ್ನು ಹುಡುಕದೆ ಈ ಫೋಲ್ಡರಿನಿಂದಲೇ ತೆಗೆದುಕೊ ಎಂದು ಪಿಪ್‌ಗೆ ಹೇಳಬಹುದು. ಪೊಟ್ಟಣಗಳು ಪಡೆಯುವ ಯಂತ್ರದ ಪೈಥಾನ್ ಆವೃತ್ತಿಗೆ ಹೊಂದುವಂಥವಾಗಿರಬೇಕು; ಕಟ್ಟುವ ಯಂತ್ರದ್ದಕ್ಕಲ್ಲ.

ನಮ್ಮ ಗಂಟು ತಲುಪಬೇಕಾದ ಔರಾದದ ಯಂತ್ರ ವಿಂಡೋಸ್ 7ರದು, 32 ಬಿಟ್ಟಿನದು. ಇಂಥವು ಹಳ್ಳಿಗಳ ಕಡೆ ಇನ್ನೂ ಉಳಿದಿವೆ. ನೂರಾರು ಹಾಡುಗಳ ಫೈಲುಗಳು ಇರುವುದೂ ಅಂಥವುಗಳಲ್ಲಿಯೇ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಪೈಥಾನ್ 3.8, ಅದಕ್ಕೂ 2024ರಲ್ಲಿ ಪೋಷಣೆ ನಿಂತಿದೆ. ಹೊಸ ಪೈಥಾನಿನಲ್ಲಿರುವ ಸೊಗಸುಗಳನ್ನೆಲ್ಲ ಬಳಸಿ ಬರೆದರೆ ಈ ಯಂತ್ರ ಹೊರಗುಳಿಯುತ್ತದೆ. ಆದುದರಿಂದ ಪರಿವರ್ತಕವನ್ನು 3.8ರ ಮಿತಿಯೊಳಗೆಯೇ ಇಟ್ಟೆವು. ಕೋಷ್ಟಕವನ್ನು ಎತ್ತಲು ಹೊಸ ಸಾಧನವನ್ನು ಬಿಟ್ಟು ಹಳೆಯ ಪಿಕೆಜಿ-ಯುಟಿಲ್ ಹಿಡಿದೆವು. ಯಾರಿಗಾಗಿ ಬರೆಯುತ್ತೇವೋ ಅವರ ಯಂತ್ರವನ್ನು ಮೊದಲು ನೋಡಿ ಆಮೇಲೆ ಬರೆಯಲು ಕೂಡುವುದು ಕ್ರಮ. ಇಂಥ ಯಂತ್ರವನ್ನು ಅಂತರ್ಜಾಲಕ್ಕೆ ತಗುಲಿಸದಿರುವುದು ಒಳ್ಳೆಯದೆಂಬುದನ್ನೂ ಹೇಳಿಬಿಡುತ್ತೇನೆ.

ಭಾಲ್ಕಿಯ ಕಡೆಯದು ಬೇರೊಂದು ಸ್ಥಿತಿ: ಯಂತ್ರ ಹೊಸದು, ವಿಂಡೋಸ್ ಹೊಸದು, ಪೈಥಾನ್ ಇಲ್ಲ, ಹಾಕಿಕೊಳ್ಳಲು ಅನುಮತಿಯೂ ಇಲ್ಲ. ಇಲ್ಲಿ ದುಭಾಷಿಯನ್ನೂ ಗಂಟಿನಲ್ಲಿಯೇ ಕಟ್ಟಿ ಕಳುಹಿಸಬೇಕು. ಪೈಇನ್‌ಸ್ಟಾಲರ್ ಎಂಬ ಸಾಧನ ಇದನ್ನು ಮಾಡುತ್ತದೆ. ಇದರಲ್ಲಿ ತಿಳಿದಿರಬೇಕಾದ ಸಂಗತಿಗಳು ಕೆಲವಿವೆ. ವಿಂಡೋಸಿನ ಗಂಟನ್ನು ವಿಂಡೋಸಿನಲ್ಲಿಯೇ ಕಟ್ಟಬೇಕು. ಲಿನಕ್ಸಿನಲ್ಲಿ ಕುಳಿತು ಕಟ್ಟಲಾಗದು. 64 ಬಿಟ್ಟಿನ ಪೈಥಾನಿನಿಂದ ಕಟ್ಟಿದ್ದು 32 ಬಿಟ್ಟಿನ ವಿಂಡೋಸಿನಲ್ಲಿ ಓಡದು. ಕೋಷ್ಟಕದಂಥ ಫೈಲುಗಳು ಪ್ರೋಗ್ರಾಮಿನ ಸಾಲುಗಳಲ್ಲವಾದ್ದರಿಂದ ಅವನ್ನು ಹೆಸರಿಸಿ ಸೇರಿಸಬೇಕು. ಇಲ್ಲವಾದರೆ ಕಿಟಕಿ ತೆರೆಯುತ್ತದೆ, ಪರಿವರ್ತನೆ ಮಾತ್ರ ಆಗುವುದಿಲ್ಲ. ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟುವ ಕ್ರಮವೂ ಒಂದು ಫೋಲ್ಡರಾಗಿ ಕಟ್ಟುವ ಕ್ರಮವೂ ಇವೆ. ಒಂದೇ ಫೈಲು ನೋಡಲು ಚೆಂದ. ಆದರೆ ತೆರೆದಾಗಲೆಲ್ಲ ಅದು ತನ್ನನ್ನು ತಾತ್ಕಾಲಿಕ ಫೋಲ್ಡರಿನಲ್ಲಿ ಬಿಚ್ಚಿಕೊಳ್ಳಬೇಕು, ಅದರಿಂದ ನಿಧಾನ. ವೈರಸ್ ಕಾವಲಿನ ಪ್ರೋಗ್ರಾಮುಗಳೂ ಅದನ್ನು ಹೆಚ್ಚಾಗಿ ಸಂಶಯಿಸುತ್ತವೆ. ಫೋಲ್ಡರಿನ ಕ್ರಮವೇ ಮೇಲೆಂದು ನನ್ನ ಎಣಿಕೆ.

ಗಂಟು ಊರು ಮುಟ್ಟಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಕೋಷ್ಟಕದಲ್ಲಿ ಒಂದು ಒತ್ತಕ್ಷರವನ್ನು ತಿದ್ದಿದರೆ ಮೂರು ಊರುಗಳಲ್ಲಿಯೂ ಹಳೆಯ ಪ್ರತಿ ಉಳಿದಿರುತ್ತದೆ. ಆದ್ದರಿಂದ ಆವೃತ್ತಿಯ ಸಂಖ್ಯೆ ಕಿಟಕಿಯ ಮೇಲೆಯೇ ಕಾಣುವಂತಿರಬೇಕು. ಫೋನಿನಲ್ಲಿ ಕೇಳಿದರೆ ಓದಿ ಹೇಳುವಂತಿರಬೇಕು. ಬಳಸುವವರು ತಾವೇ ಸೇರಿಸಿಕೊಂಡ ಅಪವಾದಪದಗಳನ್ನು ಗಂಟಿನೊಳಗೆ ಬರೆಯಬಾರದು, ಅವರ ಸ್ವಂತ ಫೋಲ್ಡರಿನಲ್ಲಿಡಬೇಕು. ಗಂಟನ್ನು ಬದಲಿಸಿದಾಗ ಅವರ ಶ್ರಮ ಅಳಿಯಬಾರದಷ್ಟೆ. ಮೂಲ ಫೈಲನ್ನು ಎಂದಿಗೂ ಮುಟ್ಟದೆ ಪರಿವರ್ತಿತ ಪ್ರತಿಯನ್ನು ಬೇರೆ ಹೆಸರಿನಲ್ಲಿ ಬರೆಯತಕ್ಕದ್ದು. ಇದರಲ್ಲಿ ವಿನಾಯಿತಿ ಕೂಡದು. ಪರಿವರ್ತಕದ ಕೊರತೆಗಳು ವರ್ಷ ಕಳೆದ ಮೇಲೆ ತಿಳಿದುಬರುವುದುಂಟು, ಆಗ ಮೂಲವಿದ್ದರೆ ಮತ್ತೊಮ್ಮೆ ತಿರುಗಿಸಬಹುದು. ಬೇರೆಯವರ ಗ್ರಂಥಾಲಯವನ್ನು ಗಂಟಿನಲ್ಲಿ ಸೇರಿಸಿದ್ದರೆ ಅವರ ಅನುಮತಿಪತ್ರವನ್ನೂ ಜೊತೆಗೆ ಇಡಬೇಕು. ಪರಿವರ್ತಿತ ಪ್ರತಿಯನ್ನು ಓದುವುದಕ್ಕೆ ಯೂನಿಕೋಡ್ ಫಾಂಟು ವಿಂಡೋಸಿನಲ್ಲಿಯೇ ಇದೆ: ಹಳೆಯವುಗಳಲ್ಲಿ ತುಂಗಾ, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ. ಅದನ್ನು ಹೊತ್ತೊಯ್ಯಬೇಕಾಗಿಲ್ಲ.

ಕೊನೆಯದಾಗಿ ಪರೀಕ್ಷೆ. ಗಂಟಿನ ಜೊತೆಗೆ ‘ನುಡಿ’ಯಲ್ಲಿ ಬರೆದ ಹತ್ತು ಪದಗಳ ಚಿಕ್ಕ ಫೈಲೊಂದನ್ನೂ, ಅದು ಯೂನಿಕೋಡಿನಲ್ಲಿ ಹೇಗೆ ಬರಬೇಕೆಂಬುದನ್ನು ಅಚ್ಚು ಹಾಕಿದ ಕಾಗದವೊಂದನ್ನೂ ಕಳುಹಿಸುತ್ತೇವೆ. ಪಡೆದವರು ಹಾಡಿನ ಫೈಲುಗಳಿಗೆ ಕೈಹಾಕುವ ಮೊದಲು ಇದನ್ನು ತಿರುಗಿಸಿ ಕಾಗದದೊಡನೆ ಹೋಲಿಸಿ ನೋಡಬೇಕು. ಪಟ್ಟಿಯ ಮೊದಲ ಪದ ‘ಕರ್ನಾಟಕ’. ಪರದೆಯ ಮೇಲೆ ‘ಕನಾರ್ಟಕ’ ಎಂದು ಬಂದರೆ ಕ್ರಮ ಸರಿಪಡಿಸುವ ಫೈಲು ಗಂಟಿನಲ್ಲಿ ಹಳೆಯದಿದೆಯೆಂದು ಅರ್ಥ. ಕಿಟಕಿಯ ಮೇಲಿನ ಸಂಖ್ಯೆಯನ್ನು ತಿಳಿಸಿದರೆ ಹೊಸ ಗಂಟನ್ನು ಕಳುಹಿಸಿಕೊಡಲಾಗುವುದು.